ಪಕ್ಕದ ದೋಣಿಯ ಜಾಡು

ಮರಿಯತುರದ ಗಂಡಸರು ಹೆಂಡತಿಯರಿಗೆ ಸುಳ್ಳು ಹೇಳುತ್ತಾರೋ ಇಲ್ಲವೋ ಅವರವರಿಗೇ ಗೊತ್ತು. ಆದರೆ ಕಡಲಿನ ವಿಷಯದಲ್ಲಿ ಒಬ್ಬರಿಗೊಬ್ಬರು ಸುಳ್ಳು ಹೇಳದ ದಿನವಿಲ್ಲ. ತೆಂಕಿಗೆ ಹೊರಟವನು ಬಡಗಿಗೆ ಅನ್ನುತ್ತಾನೆ. ದೋಣಿ ತುಂಬ ಮೀನು ತಂದವನು ಎಣ್ಣೆಯ ಖರ್ಚೂ ಹುಟ್ಟಲಿಲ್ಲವೆಂದು ಮುಖ ಸಣ್ಣದು ಮಾಡುತ್ತಾನೆ. ಎಲ್ಲವೂ ಪಾರಿನ ಸಲುವಾಗಿ. ಪಾರು ಅಂದರೆ ನೀರಿನಡಿಯ ಬಂಡೆ, ಒಳ್ಳೊಳ್ಳೆಯ ಮೀನು ಮನೆ ಮಾಡಿಕೊಂಡಿರುವ ಜಾಗ. ಕಂಡುಹಿಡಿದವನು ಮಗನಿಗೆ ಹೇಳಿದರೆ ಹೇಳಿದ, ಇಲ್ಲವಾದರೆ ಗುಟ್ಟನ್ನು ತನ್ನ ಜೊತೆಗೇ ಮಣ್ಣಿಗೆ ಒಯ್ದ. ಇದಕ್ಕೆ ತಕ್ಕ ಮರ್ಯಾದೆಯೂ ಒಂದಿದೆ. ಯಾರದಾದರೂ ದೋಣಿ ಕಡಲಲ್ಲಿ ಸುಮ್ಮನೆ ನಿಂತದ್ದು ಕಂಡರೆ, ಅದು ಅವನ ಪಾರು ಎಂದುಕೊಂಡು ನೀನು ದೋಣಿಯನ್ನೂ ತಿರುಗಿಸಬೇಕು, ಮುಖವನ್ನೂ ತಿರುಗಿಸಬೇಕು. ಹತ್ತಿರ ಹೋದವನು ಕಳ್ಳ.

ಇಂಥ ಜನರ ಕೈಗೆ 'ಕಡಲ್ವಳಿ' ಸಿಕ್ಕಿತು. ಫೋನಿನಲ್ಲೊಂದು ಆ್ಯಪ್, ದೋಣಿಯ ಹಿಂಬದಿಗೆ ಅಂಗೈಯಗಲದ ಒಂದು ಪೆಟ್ಟಿಗೆ. ಗಾಳಿ ಎಷ್ಟು, ಅಲೆ ಎಷ್ಟು, ಎಲ್ಲ ಹೇಳುತ್ತಿತ್ತು. ಗಾಳಿಯ ಸುದ್ದಿ ಯಾರಿಗೆ ಬೇಕು? ಜನ ಮುಗಿಬಿದ್ದದ್ದು ಜಾಡಿಗೆ. ಯಾವ ದೋಣಿ ಯಾವತ್ತು ಎಲ್ಲಿಗೆ ಹೋಗಿತ್ತು, ಎಲ್ಲಿ ನಿಂತಿತ್ತು ಎಂಬುದನ್ನು ಅದು ಹಸಿರು ಗೆರೆ ಎಳೆದು ತೋರಿಸುತ್ತಿತ್ತು. ಅಜ್ಜಂದಿರ ಕಾಲದ ಗುಟ್ಟುಗಳೆಲ್ಲ ಒಂದೇ ಹಂಗಾಮಿನಲ್ಲಿ ಬಯಲಿಗೆ ಬಿದ್ದವು. ನಡುಗಡಲಲ್ಲೇ ಹುಟ್ಟು ಹಿಡಿದು ಹೊಡೆದಾಡಿದರು. ಕೊನೆಗೆ ಇಗರ್ಜಿಯ ಅಂಗಳದಲ್ಲಿ ಸಭೆ ಸೇರಿತು. ಅಲ್ಲಿ ಎಲ್ಲರಿಗಿಂತ ಹೆಚ್ಚು ಕೂಗಾಡಿದವನು 'ಇನ್‌ಫೆಂಟ್ ಜೀಸಸ್' ದೋಣಿಯ ಸಿಲುವಯ್ಯನ್. "ನಾಳೆ ನಮ್ಮ ಅಡುಗೆಮನೆನೂ ತೋರಿಸ್ತಾರೆ ಇವ್ರು! ಜಾಡು ತೆಗೀರಿ, ಇಲ್ಲ ಪೆಟ್ಟಿಗೆ ಕಿತ್ತು ಕಡಲಿಗೆ ಎಸೀತೀವಿ." ಕರಾವಳಿಯ ಹತ್ತು ಊರುಗಳಲ್ಲಿ ಇದೇ ಗಲಾಟೆಯಾಗಿ ಕಂಪನಿ ಮಣಿಯಿತು. ಹೊಸ ಅಪ್‌ಡೇಟ್ ಬಂತು, ಜಾಡು ಹೋಯಿತು. ಗೆದ್ದ ಖುಷಿಯಲ್ಲಿ ಸಿಲುವ ಎಲ್ಲರಿಗೂ ಚಹಾ, ಬಾಳೆಹಣ್ಣಿನ ಪಳಂಪೊರಿ ಕೊಡಿಸಿದ.

ಪ್ಲಾಸಿಡ್ ಕಾಣೆಯಾದದ್ದು ಅದೇ ಹಂಗಾಮಿನಲ್ಲಿ. ಮೀಸೆ ಮೂಡುವ ಮೊದಲೇ ಸಿಲುವನ ದೋಣಿ ಹತ್ತಿ ಕಡಲು ಕಲಿತವನು. ಆಮೇಲೆ ಸ್ವಂತ ದೋಣಿ ಮಾಡಿ ಅದಕ್ಕೆ 'ಸ್ಟೆಲ್ಲಾ ಮಾರಿಸ್' ಎಂದು ಹೆಸರಿಟ್ಟಿದ್ದ. ಎಲ್ಲಿಯೋ ಒಂದು ಪಾರು ಹಿಡಿದಿದ್ದನೆಂದು ಕಾಣುತ್ತದೆ. ಜೊತೆಯವರಿಗೂ ಗೊತ್ತಾಗಬಾರದೆಂದು ಒಬ್ಬನೇ ಹೋಗಿ, ಊರಲ್ಲಿ ಬೇರೆ ಯಾರಿಗೂ ಸಿಗದ ಕೆಂಪು ಕಲವ ಮೀನು ತರುತ್ತಿದ್ದ. ಅವತ್ತು ತೆಂಕಿಗೆ ಹೋಗುತ್ತೇನೆಂದು ಹೇಳಿ ಹೋದವನು ಬರಲಿಲ್ಲ. ಬೇರೆ ಸುಳಿವಿಲ್ಲದೆ ಊರಿನ ಅಷ್ಟೂ ದೋಣಿಗಳು ತೆಂಕಿನ ಕಡಲನ್ನು ಜಾಲಾಡಿದವು. ಕಂಪನಿಗೆ ಫೋನ್ ಮಾಡಿದರೆ ಒಂದು ಹೆಣ್ಣುದನಿ, "ಆ ದೋಣಿಯ ಪೆಟ್ಟಿಗೆ ಈಗ ಕೆಲಸ ಮಾಡ್ತಿಲ್ಲ ಸರ್. ಹಳೆ ಜಾಡು ತೋರಿಸೋ ಸೌಲಭ್ಯ ಸದ್ಯಕ್ಕೆ ಇಲ್ಲ, ನಿಮ್ಮ ಕಡೆಯವ್ರೇ ಬೇಡ ಅಂದಿದ್ರು" ಎಂದು ಬಹಳ ವಿನಯದಿಂದ ಹೇಳಿತು. ಹೆಣವೂ ಸಿಗಲಿಲ್ಲ, ಹಲಗೆಯ ಚೂರೂ ಸಿಗಲಿಲ್ಲ. ಪ್ಲಾಸಿಡನ ಹೆಂಡತಿ ಮೆತ್ತಿಲ್ಡ ಮದುವೆಯಲ್ಲಿ ಅವನು ಕಟ್ಟಿದ ಕೊರಳ ಮಿನ್ನನ್ನು ಬಿಚ್ಚಲಿಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮಾರುತ್ತ, ಗಂಡ ಊರಿಗೆ ಹೋಗಿದ್ದಾನೆ ಎಂಬಂತೆ ಬದುಕಿದಳು.

ಇದೆಲ್ಲ ಆಗಿ ಕೆಲವು ವರ್ಷಗಳೇ ಕಳೆದವು. ಈ ಸಲದ ಮಳೆಗಾಲ ಮುಗಿಯುತ್ತಲೇ ಎಲ್ಲರ ಫೋನಿನಲ್ಲೂ ಬಣ್ಣದ ಪಟಾಕಿ ಸಿಡಿಯಿತು. ನಿಮ್ಮ ಮೆಚ್ಚಿನ ಜಾಡು ಮರಳಿ ಬಂದಿದೆ! ಒಳಗೆ ಹೋಗಿ ನೋಡಿದರೆ ಕಂಪನಿಯ ಜಾಣತನ ಗೊತ್ತಾಗುತ್ತಿತ್ತು. ಜಾಡು ತೋರಿಸುವುದನ್ನು ನಿಲ್ಲಿಸಿದ್ದರೇ ಹೊರತು ಬರೆದಿಡುವುದನ್ನು ನಿಲ್ಲಿಸಿರಲಿಲ್ಲ. ತಿಂಗಳು ತಿಂಗಳು ದುಡ್ಡು ಕಟ್ಟಿದವನಿಗೆ ಯಾವ ದೋಣಿಯ ಯಾವ ದಿನದ ಜಾಡು ಬೇಕಾದರೂ ಸಿಗುತ್ತದೆ, ಸುತ್ತಮುತ್ತ ಓಡಾಡಿದ ದೋಣಿಗಳ ಸಮೇತ. ಕಟ್ಟದವನು ಒಂದು ಜಾಹೀರಾತು ನೋಡಿದರೆ ಒಂದು ದೋಣಿಯನ್ನು ಒಂದು ಸಲ ಬಿಟ್ಟಿ ನೋಡಬಹುದು, ಅಷ್ಟೇ. ಕಂಪನಿಯನ್ನು ಎಲ್ಲರಿಗಿಂತ ಕೆಟ್ಟದಾಗಿ ಬೈದವನೂ ಸಿಲುವನೇ, ಅದೇ ದಿನ ಗುಟ್ಟಾಗಿ ದುಡ್ಡು ಕಟ್ಟಿದವನೂ ಅವನೇ.

ಅವನಿಗೆ ಬೇಕಿದ್ದದ್ದು ಬೋನನ ಪಾರು. ಬೊನವೆಂಚರ್ ಎಂಬ ಈ ಬೋನ ಅವನ ಹಳೆಯ ಎದುರಾಳಿ. ಅವನ ಜಾಡು ನೋಡಿ ಮೀಸೆಯಡಿಯಲ್ಲೇ ನಕ್ಕದ್ದಾಯಿತು. ಆಮೇಲೆ ಯಾಕೆ ಹಾಗೆ ಮಾಡಿದನೋ, ಅವನ ಬೆರಳು ಸ್ಟೆಲ್ಲಾ ಮಾರಿಸ್ ಎಂದು ಒತ್ತಿತು. ಸತ್ತವನ ಜಾಡು ನೋಡಿದವನನ್ನು ಅದೇ ಜಾಡು ಕರೆದೊಯ್ಯುತ್ತದೆಂದು ಊರಿನಲ್ಲಿ ಆಗಲೇ ಮಾತು ಹಬ್ಬಿತ್ತು. ಬೇರೆ ಯಾರೂ ಆ ಹೆಸರನ್ನು ಮುಟ್ಟಿರಲಿಲ್ಲ.

ಗೆರೆ ಅವತ್ತಿನ ಮುಂಜಾನೆ ದಡದಿಂದ ಹೊರಟಿತು. ತೆಂಕಿಗಲ್ಲ, ಬಡಗು ಪಡುವಣಕ್ಕೆ. ಒಂದು ಕಡೆ ಬಹಳ ಹೊತ್ತು ನಿಂತಿತು. ಅದೇ ಪಾರು ಇರಬೇಕು. ಮಧ್ಯಾಹ್ನದ ನಂತರ ಗೆರೆ ನೆಟ್ಟಗೆ ಹೋಗುವುದನ್ನು ಬಿಟ್ಟು ಕುಡಿದವನ ನಡಿಗೆಯ ಹಾಗೆ ಅತ್ತಿತ್ತ ವಾಲತೊಡಗಿತು. ಎಂಜಿನ್ ಸತ್ತಿದೆ, ನೀರು ಎಳೆದ ಕಡೆಗೆ ದೋಣಿ ಹೋಗುತ್ತಿದೆ ಎಂಬುದು ಸಿಲುವನಿಗೆ ಕೂಡಲೇ ತಿಳಿಯಿತು. ಅವನು 'ಸುತ್ತಲಿನ ದೋಣಿಗಳು' ಎಂಬುದನ್ನು ಒತ್ತಿದ. ಸಂಜೆಯ ಹೊತ್ತಿಗೆ ದಡದ ಕಡೆಯಿಂದ ಇನ್ನೊಂದು ಗೆರೆ ಹುಟ್ಟಿ ನೇರ ಪ್ಲಾಸಿಡನತ್ತ ಬಂತು. "ಬಾ, ಬಾರಪ್ಪ" ಎಂದು ಸಿಲುವ ಬಾಯಿಬಿಟ್ಟೇ ಹೇಳಿದ. ಅದು ಬಂತು, ಹತ್ತಿರ ಹತ್ತಿರ ಬಂತು, ಬಂದು ಸರಕ್ಕನೆ ಪಕ್ಕಕ್ಕೆ ಹೊರಳಿ ಹೋಗಿಬಿಟ್ಟಿತು. ಯಾವ ದರಿದ್ರದವನು ಇವನು ಎಂದು ಗೆರೆಯ ಮೇಲೆ ಬೆರಳಿಟ್ಟ. ಇನ್‌ಫೆಂಟ್ ಜೀಸಸ್ ಎಂದು ಹೆಸರು ಮೂಡಿತು.

ಆಗ ನೆನಪಾಯಿತು. ಮುಳುಗುವ ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದ. ಜೊತೆಯ ಇಬ್ಬರು ಬಲೆಯ ಮೇಲೆ ನಿದ್ದೆ ಹೋಗಿದ್ದರು. ಎದುರಿಗೆ ಕರ್ರಗೆ ಒಂದು ದೋಣಿ ನಿಂತಿತ್ತು, ಅದರಲ್ಲೊಬ್ಬ ಎರಡೂ ಕೈ ಎತ್ತಿದ್ದ. ಆಚೆ ಊರಿನ ಯಾವನೋ, ನನ್ನ ಪಾರಿನ ಹತ್ತಿರ ಬರಬೇಡ ಎಂದು ಬೈಯುತ್ತಿದ್ದಾನೆ ಎಂದುಕೊಂಡ ಸಿಲುವ. 'ನಿನ್ನ ಪಾರು ನೀನೇ ಇಟ್ಕೋ' ಎಂದು ದೋಣಿ ತಿರುಗಿಸಿದ, ಮುಖವನ್ನೂ ತಿರುಗಿಸಿದ. ಮರ್ಯಾದಸ್ಥನಲ್ಲವೇ. ದಡಕ್ಕೆ ಬರುವ ಹೊತ್ತಿಗೆ ಅದು ಮರೆತೇ ಹೋಗಿತ್ತು. ಪ್ಲಾಸಿಡನನ್ನು ಎಲ್ಲರೂ ತೆಂಕಿನಲ್ಲಿ ಹುಡುಕುವಾಗ ಬಡಗಿನಲ್ಲಿ ಕಂಡ ದೋಣಿ ಅವನಿಗೆ ಹೇಗೆ ನೆನಪಾಗಬೇಕು? ಸ್ಟೆಲ್ಲಾ ಮಾರಿಸಿನ ಗೆರೆ ಆಮೇಲೂ ಎರಡು ದಿನ ಪಡುವಣಕ್ಕೆ ತೇಲುತ್ತ ತೇಲುತ್ತ ಹೋಗಿ, ನಟ್ಟ ನಡುಗಡಲಲ್ಲಿ ನಿಂತುಹೋಗಿತ್ತು.

ಅವತ್ತಿನಿಂದ ಸಿಲುವನಿಗೆ ದೆವ್ವ ಹಿಡಿಯಿತೆಂದೇ ಹೇಳಬೇಕು. ಊಟದ ಮುಂದೆ ಕುಳಿತರೂ ಫೋನು, ಬಲೆ ಹೊಲಿಯುವಾಗಲೂ ಫೋನು. ಆ ಸಂಜೆಯನ್ನು ಮತ್ತೆ ಮತ್ತೆ ಓಡಿಸುತ್ತಿದ್ದ. ಪ್ರತಿ ಸಲವೂ ತನ್ನ ದೋಣಿ ಈ ಸಲವಾದರೂ ನೇರ ಹೋಗುತ್ತದೆ ಎಂದು ಉಸಿರು ಬಿಗಿಹಿಡಿಯುತ್ತಿದ್ದ. ನಗಬೇಡಿ, ನಿಜವಾಗಿಯೂ ನಂಬುತ್ತಿದ್ದ. ಪ್ರತಿ ಸಲವೂ ಅದು ಅಲ್ಲಿಗೆ ಬಂದು ಹೊರಳುತ್ತಿತ್ತು. ಎದುರಿನ ಚಿಕ್ಕ ದೋಣಿ ಮಾತ್ರ ಕಾಯುತ್ತ ಅಲ್ಲೇ ತೂಗಾಡುತ್ತಿತ್ತು.

"ಮೀನು ಆರಿಹೋಯ್ತು," ಅಂದಳು ಹೆಂಡತಿ ರೀತಮ್ಮ. "ಅದ್ಯಾವ ಸುಂದರಿ ಇದಾಳೆ ಅದರೊಳಗೆ?"

"ಸುಮ್ನಿರೇ."

"ನಿದ್ದೆಲೂ ತಿರುಗ್ಬೇಡ ತಿರುಗ್ಬೇಡ ಅಂತೀಯಲ್ಲ. ಯಾರಿಗೆ ಹೇಳ್ತೀಯ?"

ಸಿಲುವ ಎದ್ದು ಕೈ ತೊಳೆದುಕೊಂಡ.

ಕಡಲಿಗಿಳಿದರೆ ಇನ್ನೊಂದು ಕಾಟ. ನಿಂತ ದೋಣಿಗಳೆಲ್ಲ ಅವನಿಗೆ ಪ್ಲಾಸಿಡನದೇ ದೋಣಿ. ಎಲ್ಲಿ ಒಂದು ಕಪ್ಪು ಚುಕ್ಕೆ ಸುಮ್ಮನೆ ನಿಂತದ್ದು ಕಂಡರೂ ಎಂಜಿನ್ ಜೋರು ಮಾಡಿ ಅಲ್ಲಿಗೆ ನುಗ್ಗುತ್ತಿದ್ದ. ಒಂದು ಬೆಳಿಗ್ಗೆ ಹಾಗೆ ಬೋನನ ಪಾರಿನ ಮೇಲೇ ಹೋಗಿ ನಿಂತ.

"ಎಂಜಿನ್ ಸರಿ ಇದೆಯೇನೋ?" ಎಂದು ಕೂಗಿದ.

"ನನ್ನ ಎಂಜಿನ್ ಚಿಂತೆ ನಿಂಗ್ಯಾಕೋ ಕಳ್ಳ?" ಬೋನ ಹುಟ್ಟು ಎತ್ತಿಕೊಂಡು ಎದ್ದುನಿಂತ. "ನೀನು ದುಡ್ಡು ಕಟ್ಟಿ ಜಾಡು ನೋಡಿದ್ದು ಊರಿಗೇ ಗೊತ್ತು, ಅದು ಸಾಲ್ದು ಅಂತ ಮೈಮೇಲೇ ಬಂದ್ಯಾ? ಸಭೇಲಿ ಏನು ಭಾಷಣ ಬಿಗಿದಿದ್ದೆ! ಥೂ!"

"ಎಂಜಿನ್ ಸರಿ ಇದೆಯಾ ಇಲ್ವಾ ಹೇಳೋ ಮಾರಾಯ."

"ಇದೆ, ತೊಲಗು!"

ಬೈಸಿಕೊಂಡು ಹೋಗುವಾಗ ಎದೆ ಒಂದು ಗಳಿಗೆ ಹಗುರವಾಗುತ್ತಿತ್ತು, ಮತ್ತೊಂದು ಚುಕ್ಕೆ ಕಾಣುವವರೆಗೆ. ಹೀಗೆ ಇಡೀ ಕರಾವಳಿಯಲ್ಲಿ ಅವನಿಗೆ ಪಾರುಗಳ್ಳ ಎಂದು ಹೆಸರು ಬಿತ್ತು. ಮೀನು ಹರಾಜಿನ ಹತ್ತಿರ ಅವನು ಬಂದರೆ ಜನ ಮಾತು ನಿಲ್ಲಿಸುತ್ತಿದ್ದರು.

ಮೆತ್ತಿಲ್ಡ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಸಿಲುವ ದಡದ ಮೇಲೆ ತನ್ನ ಗುಡಿಸಲ ಪಕ್ಕ, ರಿಪೇರಿಯಾದ ಎಂಜಿನನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟು ಪರೀಕ್ಷೆ ಮಾಡಲು ಅಣಿಯಾಗುತ್ತಿದ್ದ. ಅವಳು ಮಾರಾಟ ಮುಗಿಸಿ ಖಾಲಿ ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು ಬಂದಳು.

"ಸಿಲುವಣ್ಣಾ, ಊಟ ಆಯ್ತಾ?"

"ಆಯ್ತು. ಕೂತ್ಕೋ ತಂಗಿ."

ಅವಳು ಕೂರಲಿಲ್ಲ. "ಅವ್ರ ಜಾಡು ನೋಡ್ದೆ," ಅಂದಳು. "ಬಿಟ್ಟಿ ಒಂದ್ಸಲ ತೋರಿಸ್ತದಲ್ಲ, ಅದರಲ್ಲಿ. ಮೊದ್ಲು ಹಲ್ಲುಪುಡಿದು ಒಂದು ಜಾಹೀರಾತು ಹಾಕ್ತು. ಕೂತು ಅದನ್ನೂ ನೋಡ್ದೆ. ಆಮೇಲೆ ಅವ್ರು ಬಂದ್ರು."

ಸಿಲುವ ಸ್ಪಾನರನ್ನು ಮರಳಿನ ಮೇಲಿಟ್ಟ.

"ಎಂಜಿನ್ ಕೆಟ್ಟಿತ್ತು, ಅಲ್ವಾ ಅಣ್ಣ? ನಂಗೂ ಅಷ್ಟು ತಿಳೀತದೆ. ಆದ್ರೆ ನಂದ್ರಲ್ಲಿ ಬರೀ ಅವ್ರ ದೋಣಿ. ಸುತ್ತ ಕಡಲೆಲ್ಲ ಖಾಲಿ. ನಿಂದು ದುಡ್ಡು ಕೊಟ್ಟಿದ್ದು, ಪಕ್ಕದಲ್ಲಿದ್ದೋರನ್ನೂ ತೋರಿಸ್ತದಂತೆ. ಯಾವ್ದಾದ್ರೂ ದೋಣಿ ಇತ್ತಾ ಹತ್ರ? ಅಷ್ಟು ಹೇಳು, ಸಾಕು."

"ಇದ್ರೇನು, ಇಲ್ದಿದ್ರೇನು?"

"ಇರ್ಲಿಲ್ಲ ಅಂದ್ರೆ ಈಗ್ಲೇ ಇಗರ್ಜಿ ಪಾದ್ರಿ ಅಚ್ಚನ್ ಹತ್ರ ಹೋಗಿ, ಮಿನ್ನು ಕೊಟ್ಟು, ಸತ್ತವ್ರ ಪೂಜೆ ಮಾಡಿ ಅಂತೀನಿ. ನಂಗೂ ಸಾಕಾಗಿದೆ ಅಣ್ಣ. ಬಾಗಿಲು ಸದ್ದಾದ್ರೆ ಏಳೋದು, ಫೋನ್ ಬಂದ್ರೆ ಓಡೋದು." ಅವಳು ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ಇತ್ತು ಅಂದ್ರೆ ಅವ್ರು ಬದುಕಿದಾರೆ. ಕಡಲಲ್ಲಿ ಮನುಷ್ಯನ್ನ ಬಿಟ್ಟು ಬರೋ ಜನ ಅಲ್ಲ ನಾವು. ಆ ದೋಣಿಯೋರು ಹತ್ತಿಸ್ಕೊಂಡಿರ್ತಾರೆ, ಎಲ್ಲೋ ಗಡಿ ದಾಟಿ ಯಾವ್ದೋ ದೇಶದ ಜೈಲಲ್ಲಿರ್ತಾರೆ. ಸಾಯೋತನ್ಕ ಕಾಯ್ತೀನಿ."

ಇಲ್ಲ ಎಂಬ ಒಂದೇ ಮಾತು ಸಾಕಿತ್ತು. ಅವಳಿಗೂ ಬಿಡುಗಡೆ, ಅವನಿಗೂ ಬಚಾವು. ಜೀವಮಾನವೆಲ್ಲ ದಿಕ್ಕು ತಪ್ಪಿಸಿ ಸುಳ್ಳು ಹೇಳಿದವನಿಗೆ ಇದೊಂದು ಸುಳ್ಳು ಯಾವ ಲೆಕ್ಕ? ಇಲ್ಲ ಎನ್ನಲೆಂದೇ ಬಾಯಿ ತೆರೆದ.

"ಇತ್ತು," ಅಂದ.

ಮೆತ್ತಿಲ್ಡಳ ಮುಖ ಬೆಳಗಿತು. ಅವಳು ಪ್ಲಾಸಿಡನನ್ನು ಮದುವೆಯಾದ ದಿನ ಸಿಲುವ ಆ ಮುಖ ನೋಡಿದ್ದ, ಆಮೇಲೆ ಇವತ್ತೇ. ಆ ಬೆಳಕನ್ನು ಕಂಡು ಅವನಿಗೆ ಭಯವಾಯಿತು. ಇಷ್ಟು ದಿನ ಪಟ್ಟ ಭಯ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಯಾವ ದೋಣಿ ಅಣ್ಣ? ಯಾವ ಊರಿಂದು?"

"ನಂದೇ ಕಣಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಅವನು ಹೇಳಿದ. ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದದ್ದು, ಎತ್ತಿದ ಕೈ, ಪಾರು, ಮರ್ಯಾದೆ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು. ಅವಳು ಅಳಲಿಲ್ಲ. ಇಳಿದ ಮುಖದಲ್ಲಿ ಪೂರ್ತಿ ಕೇಳಿದಳು.

"ಎಷ್ಟು ದೂರ ಇತ್ತು?"

"ಇಲ್ಲಿಂದ ಇಗರ್ಜಿ ಮೆಟ್ಟಿಲಿಗೆ ಎಷ್ಟೋ ಅಷ್ಟು."

ಅವಳು ತಿರುಗಿ ಇಗರ್ಜಿಯ ಮೆಟ್ಟಿಲು ನೋಡಿದಳು. "ನಿನ್ನ ಎಂಜಿನ್ ಓಡ್ತಾ ಇತ್ತಾ?"

"ಓಡ್ತಾ ಇತ್ತು."

"ಹಾಕು."

"ಏನು?"

"ಎಂಜಿನ್ ಹಾಕು ಅಂದೆ."

ಸಿಲುವ ಹಗ್ಗ ಎಳೆದ. ಎಂಜಿನ್ ಅಬ್ಬರಿಸಿತು, ಡ್ರಮ್ಮಿನ ನೀರು ಕುದಿದ ಹಾಗೆ ಉಕ್ಕಿ ಅವನ ಕಾಲ ಮೇಲೆ ಚೆಲ್ಲಿತು. ಮೆತ್ತಿಲ್ಡ ಬುಟ್ಟಿಯನ್ನು ಕೆಳಗಿಟ್ಟು ಮರಳಿನ ಮೇಲೆ ನಡೆದುಹೋದಳು. ಮೆಟ್ಟಿಲು ಹತ್ತಿ ಅವನ ಕಡೆಗೆ ತಿರುಗಿ ನಿಂತಳು. ಅಂಗೈಗಳನ್ನು ಬಾಯಿಯ ಸುತ್ತ ಹಿಡಿದು ಕೂಗಿದಳು. ಅಲ್ಲಿ ಬಲೆ ಒಣಗಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಎದ್ದುನಿಂತರು. ಅವಳು ಮತ್ತೆ ಕೂಗಿದಳು, ಮೈಯೆಲ್ಲ ಮುಂದಕ್ಕೆ ಬಾಗುವಷ್ಟು ಜೋರಾಗಿ. ಆಮೇಲೆ ಎರಡೂ ಕೈಗಳನ್ನು ಮೇಲೆತ್ತಿ ಬೀಸಿದಳು. ಸಿಲುವನ ಕಿವಿಯಲ್ಲಿ ಎಂಜಿನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಅವನು ಮುಖ ತಿರುಗಿಸಲಿಲ್ಲ.

ಅವಳು ಹೋದ ದಾರಿಯಲ್ಲೇ ಹಿಂದಿರುಗಿದಳು. ಅವನು ಎಂಜಿನ್ ನಿಲ್ಲಿಸಿದ.

"ಕೇಳಿಸ್ತಾ?"

"ಇಲ್ಲ."

"ಕಾಣಿಸ್ತಾ?"

ಸಿಲುವ ಇಗರ್ಜಿಯ ಮೆಟ್ಟಿಲ ಕಡೆಗೊಮ್ಮೆ ನೋಡಿದ.

"ಕಾಣಿಸ್ತು," ಅಂದ.

ಮೆತ್ತಿಲ್ಡ ಕೊರಳಿಗೆ ಕೈಹಾಕಿ ಮಿನ್ನು ಬಿಚ್ಚಿದಳು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬುಟ್ಟಿ ಎತ್ತಿಕೊಂಡು ಅಚ್ಚನ್ ಮನೆಯ ಕಡೆಗೆ ಹೊರಟಳು.