‘ಬೇಡ’ ಫೋಲ್ಡರಿನ ಎಂಬತ್ತಾರು ಚಿತ್ರಗಳು

ಸಂಗೀತಕ್ಕ ನಮ್ಮ ಜರಗನಹಳ್ಳಿ ಮನೆಯ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದರು. ಗ್ಯಾಲಕ್ಸಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಒಂದು ದಿನ ನಾನು ಮೊರದಲ್ಲಿ ಅಕ್ಕಿ ಆರಿಸುವುದನ್ನು ನೋಡಿ ಅಜ್ಜಿಗೆ, ‘ಇವಳ ಕಣ್ಣು ಸಖತ್ ಚುರುಕು ನಾರಾಯಣಮ್ಮ, ಒಂದು ತಿಂಗಳು ನನಗೆ ಕೊಡಿ’ ಎಂದರು.

ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಸುರುಳಿ ಗ್ಯಾಲಕ್ಸಿಯ ಚಿತ್ರ ಬರುತ್ತಿತ್ತು. ಹೊಸ ನಕ್ಷತ್ರ ಹುಟ್ಟುವ ಜಾಗ ನೀಲಿಯಾಗಿ ಕಾಣುತ್ತದಂತೆ. ಆ ನೀಲಿ ಚುಕ್ಕೆಗಳನ್ನು ನಾನು ಎಣಿಸಬೇಕು. ಅರ್ಧ ಚಿತ್ರಗಳು ಒಂಟಿ ಗ್ಯಾಲಕ್ಸಿಗಳವು, ಮಿಕ್ಕವು ನೂರಾರು ಗ್ಯಾಲಕ್ಸಿಗಳ ಗುಂಪಿನೊಳಗೆ ಬೀಳುತ್ತಿರುವವು. ಗುಂಪಿಗೆ ಬಿದ್ದರೆ ಹುಟ್ಟು ನಿಲ್ಲುತ್ತದೆಯೇ ಎಂಬುದು ಅವರ ಪ್ರಶ್ನೆ. ಉಪಗ್ರಹ ಹಾದು ಗೆರೆ ಬಿದ್ದ ಚಿತ್ರಗಳನ್ನು ‘ಬೇಡ’ ಎಂಬ ಫೋಲ್ಡರಿಗೆ ಹಾಕಲು ಹೇಳಿದ್ದರು.

ಕೆಲವು ಚಿತ್ರಗಳಲ್ಲಿ ಗೆರೆ ಇರಲಿಲ್ಲ. ಒಂದು ಮಗ್ಗುಲಿಗೆ ಒರೆಸಿದಂಥ ಮಬ್ಬು ಬಾಲವಿತ್ತು. ಕಲ್ಲೋ ಕಾಳೋ ತಿಳಿಯದ್ದನ್ನು ಅಜ್ಜಿ ಮೊರದಿಂದ ತೆಗೆದುಹಾಕುತ್ತಾಳೆ. ನಾನೂ ಹಾಗೇ ಅವನ್ನು ‘ಬೇಡ’ಕ್ಕೆ ಹಾಕಿದೆ. ಬಾಲವಿದ್ದವು ಒಟ್ಟು ಎಂಬತ್ತಾರು. ಎಲ್ಲವೂ ಗುಂಪಿನವೇ ಎಂಬುದು ಕಣ್ಣಿಗೆ ಬಿದ್ದಿತ್ತು. ಗುಂಪಿನ ನಡುಭಾಗವನ್ನು ತೋರಿಸುವ ಪುಟ್ಟ ಬಾಣವೂ ಚಿತ್ರದಲ್ಲಿತ್ತು. ಬಾಲಗಳು ಹೆಚ್ಚಾಗಿ ಅದರ ಉಲ್ಟಾ ದಿಕ್ಕಿಗೆ ಚಾಚಿದ್ದವು. ಕೇಳಲು ಸಂಕೋಚವಾಗಿ ಸುಮ್ಮನಿದ್ದೆ.

ಥೀಸಿಸ್ ಕೊಟ್ಟು ತಿಂಗಳುಗಳಾದ ಮೇಲೆ ವೈವಾ ದಿನ ಗೊತ್ತಾಯಿತು. ಆ ಸಂಜೆ ನನ್ನನ್ನು ಸ್ಕೂಟರಿನಲ್ಲಿ ತಿಲಕ್ ನಗರಕ್ಕೆ ಕರೆದೊಯ್ದರು. ನನ್ನ ದುಪಟ್ಟಾ ಬಾಲದ ಹಾಗೆ ಹಿಂದಕ್ಕೆ ಹಾರುತ್ತಿದ್ದುದು ಅವರಿಗೆ ಕನ್ನಡಿಯಲ್ಲಿ ಕಂಡಿತು.

‘ನಾನು ಹುಡುಕಿದ್ದೂ ಇದನ್ನೇ ಕಣೇ’ ಎಂದರು ಸಿಗ್ನಲಿನಲ್ಲಿ. ‘ಗುಂಪಿನ ತುಂಬ ಬಿಸಿ ಅನಿಲ ಇರುತ್ತೆ. ಗ್ಯಾಲಕ್ಸಿ ಅದರೊಳಕ್ಕೆ ನುಗ್ಗಿದ್ರೆ ತನ್ನ ತಣ್ಣನೆ ಅನಿಲ ಹಿಂಗೆ ಹಿಂದಕ್ಕೆ ಹೋಗ್ಬಿಡ್ಬೇಕು. ಅದು ಹೋದ್ರೆ ಹೊಸ ನಕ್ಷತ್ರ ಎಲ್ಲಿಂದ ಬರುತ್ತೆ? ಆದ್ರೆ ಒಂದರಲ್ಲೂ ಬಾಲ ಸಿಗ್ಲಿಲ್ಲ.’

ಒಂಟಿಯವಕ್ಕೂ ಗುಂಪಿನವಕ್ಕೂ ವ್ಯತ್ಯಾಸವಿಲ್ಲ ಎಂದೇ ಅವರು ಬರೆದುಕೊಟ್ಟಿದ್ದರು. ನಾನು ದುಪಟ್ಟಾ ಎಳೆದು ಮಡಿಲಲ್ಲಿ ಸುತ್ತಿಟ್ಟುಕೊಂಡೆ.

ವೈವಾಕ್ಕೆ ಹನ್ನೊಂದು ದಿನವಿತ್ತು. ಹನ್ನೊಂದು ದಿನವೂ ಕಾಫಿ ಹಿಡಿದು ಮೂರನೇ ಮಹಡಿ ಹತ್ತಿದೆ. ಲೋಟ ಇಟ್ಟು ಇಳಿದೆ.

ಬಾಲಗಳೇ ಇಲ್ಲವೆಂದರೆ ನಂಬದ ಪರೀಕ್ಷಕರು, ತೆಗೆದುಹಾಕಿದ ಚಿತ್ರಗಳನ್ನು ತೋರಿಸಿ ಎಂದರಂತೆ. ಸಂಗೀತಕ್ಕ ಮಧ್ಯಾಹ್ನವೇ ವಾಪಸ್ ಬಂದು, ನಮ್ಮ ಮೆಟ್ಟಿಲ ಮೇಲೆ ಕೂತರು.

‘ಬಾಲ ಇದ್ದಿದ್ದು ನಿಂಗೆ ಕಂಡಿತ್ತಾ?’

‘ಕಂಡಿತ್ತು ಅಕ್ಕ.’

‘ಅದು ಮುಖ್ಯ ಅಂತ ಯಾವಾಗ ಗೊತ್ತಾಯ್ತು?’

‘ಸ್ಕೂಟರಲ್ಲಿ.’

ತಲೆಯಾಡಿಸಿದರು. ‘ಆ ಫೋಲ್ಡರ್ ನಾನೇ ನೋಡ್ಬೇಕಿತ್ತು. ಅದು ನನ್ ತಪ್ಪು. ಈ ಹನ್ನೊಂದು ದಿನ?’



ಥೀಸಿಸ್ ವಾಪಸ್ ಬಂತು. ಫೆಲೋಶಿಪ್ ಆ ತಿಂಗಳಿಗೇ ಮುಗಿದಿತ್ತು. ಡಿಗ್ರಿ ನಂಬಿ ಒಪ್ಪಿಕೊಂಡಿದ್ದ ಕೆಲಸವೂ ಕೈತಪ್ಪಿತು. ಅವರು ಮನೆ ಖಾಲಿ ಮಾಡಿದರು.

ಸಾಮಾನು ಇಳಿಸಿಕೊಟ್ಟ ಮೇಲೆ ನನ್ನ ನೋಟ್‌ಬುಕ್ ಕೊಟ್ಟೆ. ಎಂಬತ್ತಾರು ಚಿತ್ರಗಳ ನಂಬರು, ಒಂದೊಂದರ ಬಾಲದ ದಿಕ್ಕು ಅದರಲ್ಲಿತ್ತು. ಚಿತ್ರ ಆರಿಸುವಾಗಲೇ ಬರೆದಿಟ್ಟದ್ದು. ಅವರು ಎರಡು ಹಾಳೆ ತಿರುಗಿಸಿದರು. ಮೇಲಿದ್ದ, ಥೀಸಿಸ್ ಕೊಡುವುದಕ್ಕೂ ಮುಂಚಿನ ತಾರೀಖನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಬ್ಯಾಗಿಗೆ ಹಾಕಿಕೊಂಡು, ನನ್ನ ಕಡೆ ತಿರುಗದೆ ಆಟೊ ಹತ್ತಿದರು.