ಟೈಲ್ಸ್ ಸಂದಿಯಲ್ಲಿ ಸಿಕ್ಕಿಬಿದ್ದ ಮೇಷ್ಟ್ರು

ಚಿತ್ರಕಲೆ ಮೇಷ್ಟ್ರ ಮನೆಯ ಬಚ್ಚಲಿನಲ್ಲಿ ಟೈಲ್ಸ್ ನಡುವಿನ ಸಂದಿಗಳು ಯಾರೋ ಕಾಡಿಗೆ ತೀಡಿದಂತೆ ಕಪ್ಪಾಗಿದ್ದವು. ಕೆಲಸದವನನ್ನು ಕರೆಸಿ ಎಂದು ಹೆಂಡತಿ ಹೇಳಿ ಹೇಳಿ ಸಾಕಾಗಿದ್ದಳು. ಮೇಷ್ಟ್ರಿಗೆ ಅದು ಅವಮಾನ. ಗೆರೆ ಎಳೆಯುವುದನ್ನೇ ಜೀವನವಿಡೀ ಕಲಿಸಿದವರು ಗೆರೆ ತೊಳೆಯಲು ಕೂಲಿ ಕೊಡುವುದೇ?

ಭಾನುವಾರ ಅಡುಗೆ ಸೋಡಾವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಹಲ್ಲುಜ್ಜುವ ಹಳೆಯ ಬ್ರಷ್ ಹಿಡಿದು, ದಂಡಯಾತ್ರೆಗೆ ಹೊರಟವರಂತೆ ಒಳಹೊಕ್ಕರು. ಕಂಕುಳಲ್ಲಿ ಬ್ಲೀಚು, ವಿನೆಗರ್ ಬಾಟಲಿಗಳೂ ಇದ್ದವು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಎರಡನ್ನೂ ಕಿತ್ತುಕೊಂಡು, ಅವು ಬೆರೆತರೆ ಏಳುವ ವಿಷಗಾಳಿ ಕಲಾವಿದರಿಗೆಂದು ರಿಯಾಯಿತಿ ತೋರಿಸುವುದಿಲ್ಲ ಎಂದು ತಿಳಿಸಿದಳು.

ನಲ್ಲಿಯ ಹಿಂದೆ ಗೇಣುದ್ದದ ಸಂದಿ ಮಾತ್ರ ಬೆಳ್ಳಗಿತ್ತು. ಅಸಲಿ ಬಣ್ಣ ಅದೇ ಎಂದು ಮೇಷ್ಟ್ರು ತೀರ್ಮಾನಿಸಿ, ಮಿಕ್ಕಿದ್ದನ್ನೆಲ್ಲ ಆ ಬಣ್ಣಕ್ಕೆ ತರಲು ಕೂತರು. ಕೊಳೆಯೇನೋ ಹೋಯಿತು. ಆದರೆ ಸಂದಿ ಕಂದು ಬಣ್ಣಕ್ಕೆ ಬಂದು ಮೊಂಡು ಹಿಡಿದು ನಿಂತಿತು. ಅವರೂ ಬಿಡಲಿಲ್ಲ. ಊಟದ ಹೊತ್ತಿಗೆ ಬ್ರಷ್ಷಿನ ಕೂದಲು ಉದುರಿತ್ತು, ಮೇಷ್ಟ್ರ ಸೊಂಟ ಹಿಡಿದುಕೊಂಡಿತ್ತು, ಕಂದು ಕಂದಾಗಿಯೇ ಇತ್ತು.

ಹೆಂಡತಿ ಇಣುಕಿದಳು. "ಇನ್ನೂ ಯಾಕೆ ಉಜ್ತಿದೀರಿ? ಅದರ ಬಣ್ಣಾನೇ ಅದು."

"ಹಾಗಾದ್ರೆ ಈ ಬಿಳಿ?"

"ನಲ್ಲಿ ಬದಲಾಯಿಸಿದಾಗ ಪ್ಲಂಬರ್ ಮೆತ್ತಿದ ಬಿಳಿ ಸಿಮೆಂಟು. ಟೈಲ್ಸ್ ಹಾಕಿಸುವಾಗ ಸಂದಿಗೆ ಕಂದು ಆರಿಸಿದ್ದು ನೀವೇ ರೀ. ಅದಕ್ಕೆ ಏನೋ ಗಾಂಭೀರ್ಯ ಇದೆ ಅಂದಿದ್ರಿ."

ಆ ಗಾಂಭೀರ್ಯ ಉಳಿಸಿಕೊಳ್ಳಲು ಮೇಷ್ಟ್ರು ಮಕ್ಕಳ ಪೋಸ್ಟರ್ ಬಣ್ಣ ಕಲಸಿ ಬಿಳಿ ತೇಪೆಗೆ ಬಳಿದರು. ಅದ್ಭುತವಾಗಿ ಹೊಂದಿಕೊಂಡಿತು, ಮೊದಲ ಸ್ನಾನದವರೆಗೆ. ಕಡೆಗೆ ಹೆಂಡತಿಯೇ ಸಂದಿಗೆ ತುಂಬುವ ಕಂದು ಪುಡಿಯ ಚಿಕ್ಕ ಪೊಟ್ಟಣ ತಂದಳು. ಬಿಳಿಯನ್ನು ಕೆರೆದು, ಪುಡಿ ಕಲಸಿ, ಬೆರಳಿನಿಂದ ಒತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಮುಗಿಸಿದಳು. ಮೇಷ್ಟ್ರು ಬಾಗಿಲಲ್ಲಿ ನಿಂತು ಸಲಹೆಗಳನ್ನು ಧಾರಾಳವಾಗಿ ದಾನ ಮಾಡಿದರು.

ಮರುದಿನ ಶಾಲೆಯಲ್ಲಿ, ಖರ್ಚಿಲ್ಲದೆ ಬಚ್ಚಲನ್ನು ಹೊಸದು ಮಾಡಿದ ತಮ್ಮ ಸಾಹಸವನ್ನು ಒಂದಕ್ಕೆರಡು ಸೇರಿಸಿ ಬಣ್ಣಿಸಿದರು. ಆ ಕಥೆಯಲ್ಲಿ ಹೆಂಡತಿ ನಡುವೆ ಒಮ್ಮೆ ಕಾಫಿ ತಂದುಕೊಟ್ಟಳು, ಅಷ್ಟೆ. ಕೇಳಿಸಿಕೊಂಡ ಮುಖ್ಯೋಪಾಧ್ಯಾಯಿನಿ ಬಹಳ ಸಂತೋಷಪಟ್ಟು, ಶಿಕ್ಷಕರ ಶೌಚಾಲಯದ ಬೀಗದ ಕೈಯನ್ನು ಅವರ ಅಂಗೈಯಲ್ಲಿಟ್ಟರು.

ಸಂಜೆ ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಒರಗಿ, ಮುಖ್ಯೋಪಾಧ್ಯಾಯಿನಿ ಕೊಟ್ಟ ಬೀಗದ ಕೈ ತೋರಿಸಿ, ನಡೆದದ್ದನ್ನು ಹೇಳಿ ಮೆತ್ತಗೆ ಕೇಳಿದರು, "ಆ ಪುಡಿಗೆ ನೀರು ಎಷ್ಟು ಹಾಕಿದ್ದೆ?"

"ಮಾಡಿದ್ದು ನಾನು ಅಂತ ಮೊದಲು ಅವರಿಗೆ ಹೇಳಿ. ಆಮೇಲೆ ಹೇಳಿಕೊಡ್ತೀನಿ."

ಮೇಷ್ಟ್ರು ಯೋಚಿಸಿ ನೋಡಿದರು. ನಿಜ ಹೇಳುವುದಕ್ಕಿಂತ ಶೌಚಾಲಯ ಉಜ್ಜುವುದೇ ಹಗುರ ಎನ್ನಿಸಿತು. ಆ ವಾರವೆಲ್ಲ, ಮಕ್ಕಳು ಮನೆಗೆ ಹೋದ ಮೇಲೆ, ಅವರು ಅಲ್ಲೇ ಮಂಡಿಯೂರಿ ಕೂತಿದ್ದರು.