ಕಪಿಲೆ ಇಳಿಜಾರಿನ ಪಾಠ

ಸಂಕ್ರಾಂತಿ ಕಳೆದು ಬಿಸಿಲು ಬಲಿಯುತ್ತಿತ್ತು. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಹೊಸೂರು ಸಂತೆಯಲ್ಲಿ ಬದನೆಕಾಯಿಗೆ ಒಳ್ಳೆ ಬೆಲೆ ಇತ್ತು. ಭದ್ರಮ್ಮ ಬೆಳಗಿನಿಂದ ಕಪಿಲೆ ಹೊಡೆಯುತ್ತಿದ್ದಳು. ಎತ್ತುಗಳು ಬಾವಿಯಿಂದ ಇಳಿಜಾರಿಗೆ ನಡೆದಂತೆಲ್ಲ ಹಗ್ಗ ಬಿಗಿದು, ತೊಗಲ ಬಾನಿ ಮೇಲೇರಿ ಬದನೆ ಪಾತಿಯ ಕಾಲುವೆಗೆ ನೀರು ಸುರಿಯುತ್ತಿತ್ತು. ಜೋಡಿಯಲ್ಲಿ ಬಿಳಿಯದೊಂದೇ ಅವಳದು. ಕರಿಯ ಎತ್ತು ಪಾಪಯ್ಯನದು. ಒಂಟೆತ್ತಿನವರು ಹೀಗೆ ಮುಯ್ಯಿ ಮಾಡಿಕೊಳ್ಳುವುದು ಅಲ್ಲಿನ ವಾಡಿಕೆ: ಇವತ್ತು ಜೋಡಿ ಇವಳ ತೋಟಕ್ಕೆ, ನಾಳೆ ಅವನ ಹೊಲಕ್ಕೆ.

ವೆಂಕಟೇಶಪ್ಪ ಮೇಷ್ಟ್ರು ಶಾಲೆಯ ಮಕ್ಕಳನ್ನು ಬಾವಿಯ ಹತ್ತಿರ ಕರೆತಂದರು. ಇನ್‌ಸ್ಪೆಕ್ಟರು ಬರುವುದರೊಳಗೆ ಘರ್ಷಣೆಯ ಪಾಠ ಮುಗಿಯಬೇಕಿತ್ತು. ಇಳಿಜಾರಿನ ನುಣುಪು ಚಪ್ಪಡಿಗಳ ಮೇಲೆ ಹರಡಿದ್ದ ಮರಳು ತೋರಿಸಿ, “ಗೊರಸು ಜಾರದಂಗೆ ಹಿಡಿಯೋದೇ ಘರ್ಷಣೆ. ಅದಿಲ್ದಿದ್ರೆ ನಾವು ನಡೆಯೋಕಾಗಲ್ಲ, ಸ್ಲೇಟಿನ ಮೇಲೆ ಬಳಪ ಮೂಡಲ್ಲ,” ಎಂದರು.

“ಮರಳು ಗುಡಿಸ್ಬುಟ್ರೆ ಸಾರ್?” ಒಬ್ಬ ಹುಡುಗಿ ಕೇಳಿದಳು.

ಮೇಷ್ಟ್ರಿಗೆ ಹುರುಪು ಬಂತು. “ನೋಡೇಬಿಡೋಣ. ಏನಮ್ಮಾ, ಒಂದು ಸಲ?”

ಬೇಡ ಎನ್ನಬಹುದಿತ್ತು. ಆದರೆ ಅಷ್ಟು ಮಕ್ಕಳು ತನ್ನನ್ನೇ ನೋಡುತ್ತಿದ್ದರು. “ಗುಡಿಸಿ ಸ್ವಾಮಿ, ನೀರೂ ಸುರೀರಿ. ನನ್ನೆತ್ತು ಎಣ್ಣೆ ಮೇಲೂ ನಡೀತಾವೆ,” ಎಂದಳು ಭದ್ರಮ್ಮ.

ಮಕ್ಕಳು ಮರಳು ಗುಡಿಸಿ ನೀರು ಸುರಿದರು. ಬಿಳಿಯದು ಹೆಜ್ಜೆ ತಡೆದು ನಿಂತಿತು. ಕರಿಯದು ಜಾರಿತು. ತುಂಬಿದ ಬಾನಿ ಹಿಂದಕ್ಕೆ ಜಗ್ಗಿದಾಗ ಅದರ ಮುಂಗಾಲು ಚಪ್ಪಡಿಗಳ ಸಂದಿಯಲ್ಲಿ ಸಿಕ್ಕಿ ಮುರಿಯಿತು.

“ತಪ್ಪು ನಂದು,” ಎಂದರು ಮೇಷ್ಟ್ರು. “ಪಾಪಯ್ಯನಿಗೆ ನಾನೇ ಹೇಳ್ತೀನಿ. ನಮ್ಮ ಭಾವನ ಮನೇಲಿ ಎತ್ತಿದೆ, ಕೊಡಿಸ್ತೀನಿ.”

ಮೇಷ್ಟ್ರು ಪಾಪಯ್ಯನ ಮನೆಯ ಕಡೆ ಬರಲೇ ಇಲ್ಲ. ಒಂಟೆತ್ತಿಗೆ ಬಾನಿ ಏಳದು. ಬದನೆ ಗಿಡ ತಲೆ ಬಗ್ಗಿಸಿದವು. ಕಾದೂ ಕಾದು ಭದ್ರಮ್ಮ ಶಾಲೆಗೇ ಹೋದಳು. ಒಳಗೆ ಇನ್‌ಸ್ಪೆಕ್ಟರು ಕೂತಿದ್ದರು.

“ಘರ್ಷಣೆ ಇಲ್ಲದಿದ್ದರೆ ಏನಾಗುತ್ತೆ?”

“ಭದ್ರಮ್ಮನ ಎತ್ತು ಬಿದ್ದಂಗೆ ಬೀಳ್ತೀವಿ ಸಾರ್!”

ತರಗತಿ ನಕ್ಕಿತು. ಇನ್‌ಸ್ಪೆಕ್ಟರೂ ನಕ್ಕು, “ಭೇಷ್ ಮೇಷ್ಟ್ರೇ!” ಎಂದರು. ಬಾಗಿಲಲ್ಲಿ ಅವಳನ್ನು ಕಂಡ ವೆಂಕಟೇಶಪ್ಪ ಕಪ್ಪುಹಲಗೆಯತ್ತ ತಿರುಗಿ, ಏನೂ ಬರೆಯದ ಜಾಗವನ್ನೇ ಒರೆಸತೊಡಗಿದರು.

ಸಂಜೆ ಅವಳು ಬಿಳಿ ಎತ್ತನ್ನು ಪಾಪಯ್ಯನ ಕೊಟ್ಟಿಗೆಗೆ ಹೊಡೆದುಕೊಂಡು ಹೋದಳು.

“ಮೇಷ್ಟ್ರು ಏನಂದ್ರು, ಭದ್ರಕ್ಕ?”

“ಏನಂತಾರೆ? ಮಕ್ಕಳು ಚೆನ್ನಾಗಿ ಕಲ್ತವ್ರೆ. ಇದನ್ನ ಕಟ್ಕೋ. ನಿನ್ನ ಮುಯ್ಯಿ ತೀರ್ತು.”

ಪಾಪಯ್ಯ ಬೇಡ ಎನ್ನಲಿಲ್ಲ. ಎತ್ತನ್ನು ಗೂಟಕ್ಕೆ ನಿಲ್ಲಿಸಿ, “ಹಗ್ಗ ಬಿಚ್ಕೊಂಡೋಗಕ್ಕ. ದನ ಕೊಟ್ಟೋರು ಹಗ್ಗ ಕೊಡಬಾರ್ದು,” ಎಂದ.

“ನೀನೇ ಮಡಿಕ್ಕೋ. ನಾನೇನ ಕಟ್ಲಿ ಅದ್ರಾಗೆ?”